ಬೀದಿ ಸುತ್ತಿ ಬಂದ ಹಲ್ಲುಗಳು

ಆ ಮನೆಯವರು ಹಲ್ಲು ಮಾಡುತ್ತಿದ್ದರು. ಮುರಿದ ಹಲ್ಲಿನ ಮೇಲೆ, ಹುಳುಕು ತಿಂದು ಅರ್ಧ ಉಳಿದ ಹಲ್ಲಿನ ಮೇಲೆ ಡಾಕ್ಟರು ಕ್ಯಾಪು ಕೂರಿಸುತ್ತಾರಲ್ಲ, ಅದನ್ನು ಡಾಕ್ಟರೇ ಮಾಡುತ್ತಾರೆ ಅಂತ ಜನ ಅಂದುಕೊಂಡಿರುತ್ತಾರೆ. ಸುಳ್ಳು. ಡಾಕ್ಟರು ಕೂರಿಸುತ್ತಾರೆ, ಅಷ್ಟೇ. ಮಾಡುವವರು ಬೇರೆ. ಬಿಳಿ ಪುಡಿ ಮೆತ್ತಿದ ಮೇಜುಗಳ ಮುಂದೆ ಬೆನ್ನು ಬಗ್ಗಿಸಿ ಕೂತು, ಯಾವತ್ತೂ ಮುಖ ನೋಡದ ಮನುಷ್ಯನ ಬಾಯಿಗೆ ಹಲ್ಲು ಕಟ್ಟುವ ಇಂಥ ಲ್ಯಾಬಿನವರು.

ಕೆಳಗೆ ಲ್ಯಾಬು, ಮೇಲೆ ಮನೆ. ಒಂದು ಕಾಲಕ್ಕೆ ಎರಡು ಅಂಗಡಿಯಾಗಿದ್ದ ಜಾಗ ಅದು. ಎರಡು ಕೋಣೆ, ಎರಡಕ್ಕೂ ಬೀದಿಗೆ ಬೇರೆ ಬೇರೆ ಬಾಗಿಲು, ನಡುವೆ ಒಂದು ಗೋಡೆ. ಆ ಗೋಡೆಯಲ್ಲಿ ಎದೆಯೆತ್ತರಕ್ಕೆ ಒಂದು ಕಿಂಡಿ. ಮಾವ, ಅಂದರೆ ಆ ಮನೆಯ ಯಜಮಾನ, ಪ್ಲಾಸ್ಟರಿನ ಅಚ್ಚುಗಳ ತಟ್ಟೆಯನ್ನು ಈ ಕೋಣೆಯಿಂದ ಆ ಕೋಣೆಗೆ ದಾಟಿಸಲು ವಯಸ್ಸಿನಲ್ಲಿ ತಾನೇ ಉಳಿ ಹಿಡಿದು ಒಡೆದದ್ದು. ಮೇಣ ಕರಗಿಸಿ, ಅಚ್ಚೊತ್ತಿ, ಅವನು ಕೈಯಾರೆ ಮಾಡಿದ ಹಲ್ಲುಗಳಲ್ಲಿ ಅರ್ಧ ಅವುಗಳ ಮಾಲೀಕರ ಜೊತೆಗೇ ಮಣ್ಣು ಸೇರಿದ್ದವು, ಇನ್ನರ್ಧ ಇನ್ನೂ ಅಗಿಯುತ್ತಿದ್ದವು.

ಈಗ ಅಚ್ಚು ಕಡಿಮೆ. ಡಾಕ್ಟರು ಪೆನ್ನಿನಂಥದ್ದೊಂದನ್ನು ಬಾಯೊಳಗೆ ಆಡಿಸಿ, ಇಡೀ ದವಡೆಯ ಸ್ಕ್ಯಾನು ತೆಗೆದು ಕಳಿಸಿಬಿಡುತ್ತಾರೆ. ಅದು ಬಂದು ಕೂರುವುದು ಕ್ಲೌಡಿನಲ್ಲಿ. ಕ್ಲೌಡು ಅಂದರೆ ಮೋಡವೂ ಅಲ್ಲ ಮಣ್ಣೂ ಅಲ್ಲ. ಎಲ್ಲೋ ಒಂದು ದೊಡ್ಡ ಶೆಡ್ಡಿನಲ್ಲಿ ಸಾಲಾಗಿ ನಿಲ್ಲಿಸಿದ ಯಾರದೋ ಕಂಪ್ಯೂಟರುಗಳು. ಬಾಡಿಗೆಗೆ ಕೊಡುತ್ತಾರೆ, ತಿಂಗಳಿಗೊಂದು ಬಿಲ್ಲು ಕಳಿಸುತ್ತಾರೆ. ಆ ಶೆಡ್ಡಿನಲ್ಲಿ ಈ ಲ್ಯಾಬಿನವರದು ಎರಡು ಬಾಡಿಗೆ ಜಾಗ. ಒಂದು, ಬಂದ ಸ್ಕ್ಯಾನುಗಳನ್ನೆಲ್ಲ ಜೋಪಾನ ಮಾಡುವ ಉಗ್ರಾಣ. ಅದು ಹಿರಿ ಸೊಸೆಯ ಸುಪರ್ದಿ. ಇನ್ನೊಂದು, ಆ ಸ್ಕ್ಯಾನನ್ನು ತೆಗೆದುಕೊಂಡು ಅದರ ಮೇಲೆ ಹೊಸ ಹಲ್ಲು ಬರೆಯುವ ದೊಡ್ಡ ಮಿಷನ್ನು. ಅದು ಕಿರಿ ಸೊಸೆಯದು. ಹಿರಿಯಾಕೆಯ ಗಂಡ ಆ ಚಿತ್ರದ ಪ್ರಕಾರ ಗಟ್ಟಿ ಬಿಳಿ ಬಿಲ್ಲೆಯಿಂದ ಹಲ್ಲು ಕೊರೆಯುತ್ತಿದ್ದ. ಕಿರಿಯಾಕೆಯ ಗಂಡ ಅವನ್ನು ಡಬ್ಬಿಗೆ ಹಾಕಿಕೊಂಡು ಡಾಕ್ಟರುಗಳಿಗೆ ಮುಟ್ಟಿಸಲು ಬೈಕಿನ ಮೇಲೆ ಸುತ್ತುತ್ತಿದ್ದ. ಮನೆಯಲ್ಲಿ ಅವನ ಮುಖ ಕಂಡವರು ಕಡಿಮೆ, ಹಾಗಾಗಿ ಅವನನ್ನು ಬಿಟ್ಟುಬಿಡೋಣ.

ಹಿರಿಯಾಕೆಗೆ ಕಿರಿಯಾಕೆಯನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಓರಗಿತ್ತಿಯರ ನಡುವೆ ಇರುವಂಥ ಸಣ್ಣಪುಟ್ಟ ಕಿರಿಕಿರಿಯಲ್ಲ. ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಪಕ್ಕದಲ್ಲಿ ಎದ್ದು ಕೂರುವಂಥದ್ದು.

ಕಾರಣ ಏನು ಅಂದರೆ, ಕೇಳಿದವರು ನಗುತ್ತಿದ್ದರು. ಮಾವ ಹಿರಿಯಾಕೆಯನ್ನು ಕರೆಯುವಾಗ ‘ನೋಡಮ್ಮ’ ಅನ್ನುತ್ತಿದ್ದ. ಕಿರಿಯಾಕೆಗೆ ‘ಪುಟ್ಟಾ’. ಹಿರಿಯಾಕೆ ಆ ಮನೆಗೆ ಬಂದಾಗ ಅವಳಿಗೂ ಪುಟ್ಟಾ ಅನ್ನಿಸಿಕೊಳ್ಳುವ ವಯಸ್ಸೇ ಇತ್ತು, ಯಾರೂ ಅನ್ನಲಿಲ್ಲ. ಇನ್ನೊಂದು, ಕಿರಿಯಾಕೆ ಬರೆದ ಹಲ್ಲು ತಯಾರಾಗಿ ಬಂದ ಮೇಲೆ ಮುದುಕ ಅದನ್ನು ಎರಡು ಬೆರಳಲ್ಲಿ ಹಿಡಿದು ಬಾಗಿಲವರೆಗೂ ಹೋಗಿ ಬೆಳಕಿಗೆ ಒಡ್ಡಿ, ಆ ಕಡೆ ಈ ಕಡೆ ತಿರುಗಿಸಿ, “ಇದು ನಗ್ತಾ ಇದೆ ಕಣೇ ಪುಟ್ಟಾ” ಅನ್ನುತ್ತಿದ್ದ. ಬಾಯೇ ಇಲ್ಲದ ಹಲ್ಲು ನಗುವುದು ಹೇಗೆ ಅಂತ ಹಿರಿಯಾಕೆ ಕಂಪ್ಯೂಟರಿನ ಹಿಂದೆ ಕೂತು ಕುದಿಯುತ್ತಿದ್ದಳು. ಅವಳ ಉಗ್ರಾಣದಲ್ಲಿ ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸ್ಕ್ಯಾನು ಕಳೆದಿರಲಿಲ್ಲ. ಆದರೆ ಕಳೆದುಹೋಗದೆ ಇದ್ದದ್ದನ್ನು ಬೆಳಕಿಗೆ ಹಿಡಿದು ಯಾರು ನೋಡುತ್ತಾರೆ?

ಕಿರಿಯಾಕೆ ಮನೆ ತುಂಬಿದ ಹೊಸದರಲ್ಲಿ, ಕೆಲಸ ಶುರು ಮಾಡುವ ದಿನ, ಹಿರಿಯಾಕೆಯ ಮೇಜಿನ ಹತ್ತಿರ ಬಂದು ನಿಂತಿದ್ದಳು.

“ಅಕ್ಕ, ನಿಮ್ಮ ಕಡೆಯಿಂದ ಸ್ಕ್ಯಾನ್ ತಗೊಳ್ಳೋಕೆ ನನ್ನ ಮಿಷನ್ನಿಗೆ ಒಳಗಿನ ದಾರಿ ಕೊಡ್ತೀರಾ? ಎರಡೂ ಒಂದೇ ಕಡೆ ಇದಾವಲ್ಲ.”

ಹಿರಿಯಾಕೆ ತಲೆ ಎತ್ತಿರಲಿಲ್ಲ. “ಡಾಕ್ಟ್ರುಗಳಿಗೆ ಕೊಟ್ಟಿರೋ ವಿಳಾಸ ಇದೆ, ಅದೇ ನಿಂಗೂ. ಅವರೆಲ್ಲ ಬರಲ್ವಾ, ಹಾಗೇ ಬಾ.”

“ಆಯ್ತಕ್ಕ” ಅಂದು ಅವಳು ಹೋಗಿದ್ದಳು. ಮತ್ತೆ ಕೇಳಿರಲಿಲ್ಲ. ಹೊಸಬಳು, ಏನು ಒತ್ತಿ ಏನು ಅಳಿಸುತ್ತಾಳೋ ಅಂತ ಹಿರಿಯಾಕೆ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಅದೇ ವಾರ, ಇನ್ನು ಅಚ್ಚುಗಳು ಎಲ್ಲಿ ಬರುತ್ತವೆ ಅಂತ, ಒಂದು ಕಬ್ಬಿಣದ ಬೀರುವನ್ನು ಎಳೆಸಿ ತಂದು ಗೋಡೆಯ ಕಿಂಡಿಗೆ ಅಡ್ಡ ನಿಲ್ಲಿಸಿದಳು. ಅಚ್ಚುಗಳು ಪೂರ್ತಿ ನಿಂತಿರಲಿಲ್ಲ. ಹಳೇ ಡಾಕ್ಟರುಗಳು ಇನ್ನೂ ಕಳಿಸುತ್ತಿದ್ದರು. ಆ ತಟ್ಟೆಗಳು ಅಂದಿನಿಂದ ಈ ಬಾಗಿಲಿಂದ ಬೀದಿಗಿಳಿದು, ಫುಟ್‌ಪಾತ್ ಮೇಲೆ ನಡೆದು, ಆ ಬಾಗಿಲಿಂದ ಒಳಗೆ ಹೋಗತೊಡಗಿದವು. ಯಾರೂ ಏನೂ ಅನ್ನಲಿಲ್ಲ. ನಡೆಯುತ್ತಿರುವುದನ್ನು ಯಾರು ಕೇಳುತ್ತಾರೆ?

ಹೀಗಿರುವಾಗ ಒಂದು ದಿನ ಮಾವ ಬಿಲ್ಲು ಹಿಡಿದುಕೊಂಡು ತನ್ನ ಕುರ್ಚಿಯಲ್ಲಿ ಕೂತ. ಆ ಕುರ್ಚಿ ಹಿರಿಯಾಕೆಯ ಕೋಣೆಯಲ್ಲೇ, ಗಾಜಿನ ಬಾಗಿಲ ಪಕ್ಕ ಇತ್ತು. ಕೈಯಿಡುವ ಕಡೆ ಬಣ್ಣ ಸವೆದು ಮರ ಕಾಣುತ್ತಿದ್ದ ಹಳೇ ಕುರ್ಚಿ. ಲ್ಯಾಬಿನ ಬೀಗದ ಕೈ, ಡಾಕ್ಟರುಗಳ ಮಾತುಕತೆ, ಯಾವ ಕೆಲಸ ಯಾರಿಗೆ ಅನ್ನುವ ತೀರ್ಮಾನ, ಎಲ್ಲ ಅದರ ಮೇಲೆ ಕೂತವರದು.

“ಎಲ್ಲರೂ ಬನ್ನಿ ಇಲ್ಲಿ” ಅಂದ. ಬಂದರು.

“ಹಲ್ಲು ಮೊದಲಿನಷ್ಟೇ ಮಾಡ್ತಿದೀವಿ. ಬಿಲ್ಲು ಮಾತ್ರ ಊದ್ಕೊಂಡಿದೆ, ಒಸಡು ಊದ್ಕೊಂಡ ಹಾಗೆ. ಅಂದ್ಮೇಲೆ ಒಳಗೆಲ್ಲೋ ಕೀವಿದೆ. ನನಗೆ ಈ ಬಾಡಿಗೆ ಕಂಪ್ಯೂಟರಿನ ಗೋಳು ಅರ್ಥ ಆಗಲ್ಲ. ಕಣ್ಣೂ ಸರಿಯಾಗಿ ಕಾಣಲ್ಲ. ನನಗಿನ್ನು ಈ ಕುರ್ಚಿ ಸಾಕು. ಇದು ಎಲ್ಲಿ ಸೋರ್ತಿದೆ ಅಂತ ಹುಡುಕಿ, ನನಗೆ ಅರ್ಥ ಆಗೋ ಹಾಗೆ ಯಾರು ಹೇಳ್ತೀರೋ, ಕುರ್ಚಿ ಅವರದು.”

“ನಾನು ಹುಡುಕ್ತೀನಿ ಮಾವ” ಅಂದಳು ಹಿರಿಯಾಕೆ. ಮುದುಕ ಬಾಯಿ ಮುಚ್ಚುವುದರೊಳಗೆ ಅಂದಿದ್ದಳು.

ಕಿರಿಯಾಕೆಯ ಕೈಯಲ್ಲಿ ಒಂದು ಕೋರೆಹಲ್ಲಿತ್ತು. ಅದನ್ನು ಸೆರಗಿನಲ್ಲಿ ಒರೆಸುತ್ತ, “ಅಕ್ಕ ನೋಡಿದ್ರೆ ಸರಿಯಾಗೇ ನೋಡ್ತಾರೆ ಮಾವ” ಅಂದಳು.

ಅಷ್ಟೇ. ಒಳ್ಳೇ ಮಾತು. ಹಿರಿಯಾಕೆಗೆ ಅಂಗಾಲಿಂದ ಉರಿ ಏರಿತು. ನನಗೆ ಸರ್ಟಿಫಿಕೇಟು ಕೊಡೋಕೆ ಇವಳ್ಯಾರು?

ಕೀವು ಎಲ್ಲಿದೆ ಅಂತ ಅವಳಿಗೆ ಹುಡುಕುವ ಮೊದಲೇ ಗೊತ್ತಿತ್ತು. ಕಿರಿಯಾಕೆ ಬಂದ ಮೇಲೆ ತಾನೇ ಬಿಲ್ಲು ಏರಿದ್ದು? ಆ ದೊಡ್ಡ ಮಿಷನ್ನು, ಅವಳ ಆ ಚಿತ್ರ ಬರೆಯುವ ಷೋಕಿ, ಒಂದು ಬಾಚಿಹಲ್ಲಿಗೆ ಹತ್ತು ಸಲ ಸ್ಕ್ಯಾನು ತರಿಸಿ ನೋಡುವ ಚಟ. ಇನ್ನು ಸಾಕ್ಷಿ ಒಂದು ಬೇಕು. ಸಾಕ್ಷಿ ಸಿಗಬೇಕಾದರೆ ಬಿಲ್ಲು ಓದಲು ಕಲಿಯಬೇಕು. ಹಾಗಾಗಿ ಹಿರಿಯಾಕೆ ಕಲಿತಳು. ಪ್ರೀತಿಯಿಂದ ಕಲಿಯುವವರಿಗಿಂತ ಹಟದಿಂದ ಕಲಿಯುವವರು ಚುರುಕು ಅನ್ನುವುದಕ್ಕೆ ಅವಳೇ ಉದಾಹರಣೆ. ಬಾಡಿಗೆ ಕಂಪನಿಯವರು ಬರೆದಿಟ್ಟ ಉದ್ದುದ್ದ ವಿವರಣೆಗಳನ್ನೆಲ್ಲ ಅಗಿದು ನುಂಗಿದಳು.

ಗಂಡ ಕೊರೆಯುವ ಮಿಷನ್ನಿನ ಮುಂದೆ, ತಲೆ ಮೇಲೆ ಹಿಟ್ಟಿನಂಥ ಪುಡಿ ಹೊತ್ತು ಕೂತಿದ್ದ. ಅವನ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡಳು.

“ರೀ, ಕೇಳಿ ಇಲ್ಲಿ. ಒಳಗೆ ಬರೋದಕ್ಕೆ ದುಡ್ಡಿಲ್ಲ.”

“ಯಾರಿಗೆ?”

“ಡೇಟಾಗೆ. ಡಾಕ್ಟ್ರು ಎಷ್ಟು ಸ್ಕ್ಯಾನ್ ಕಳಿಸಿದ್ರೂ ಒಳಗೆ ಬರೋದು ಪುಕ್ಕಟೆ. ಇಟ್ಕೊಳ್ಳೋದಕ್ಕೆ ಬಾಡಿಗೆ. ಆದ್ರೆ ಹೊರಗೆ ಹೋಗ್ಬೇಕಾದ್ರೆ ತೂಗಿ ತೂಗಿ ಕಾಸು ತಗೋತಾರೆ.”

“ನಮ್ಮ ಮದುವೆ ಥರ ಅನ್ನು. ಒಳಗೆ ಬರೋವಾಗ ಯಾರೂ ಏನೂ ಕೇಳ್ಲಿಲ್ಲ.”

“ನಿಮಗೆ ಎಲ್ಲಾದಕ್ಕೂ ಹುಡುಗಾಟ. ಇಟ್ಕೊಳ್ಳೋ ಬಾಡಿಗೆ ಇದ್ದಷ್ಟೇ ಇದೆ, ನೋಡ್ದೆ. ನನ್ನ ಕಡೆ ತಪ್ಪಿಲ್ಲ. ಊದ್ಕೊಂಡಿರೋದು ಹೊರಗೆ ಹೋಗೋ ಲೆಕ್ಕ.”

“ಡಾಕ್ಟ್ರುಗಳು ತಗೊಂಡಿರ್ತಾರೆ.”

“ಅವರಿಗೆ ಹೋಗೋದು ಹಲ್ಲು ಹೀಗಿರುತ್ತೆ ಅಂತ ತೋರ್ಸೋ ಸಣ್ಣ ಚಿತ್ರ. ಇಡೀ ದವಡೆ ಸ್ಕ್ಯಾನ್ ಅವರಿಗ್ಯಾಕೆ, ಅವರೇ ಕಳಿಸಿರೋದಲ್ವಾ? ಇಡೀ ದವಡೆ, ಪೂರ್ತಿ ಭಾರದ್ದು, ಒಂದೇ ಒಂದು ವಿಳಾಸಕ್ಕೆ ಹೋಗ್ತಾ ಇದೆ. ದಿನಾ. ಆ ವಿಳಾಸ ಯಾರದ್ದು ಅಂತ ನಂಗೆ ಗೊತ್ತಿಲ್ಲ. ನಮ್ಮ ಡಾಕ್ಟ್ರುಗಳದ್ದು ಯಾರದ್ದೂ ಅಲ್ಲ.”

ಗಂಡ ಮಿಷನ್ನು ನಿಲ್ಲಿಸಿದ. ಹಿರಿಯಾಕೆ ದನಿ ತಗ್ಗಿಸಿದಳು. “ಯಾವಾಗ ಹೋಗುತ್ತೆ ಗೊತ್ತಾ? ಅವಳು ಕೂತಾಗ. ಅವಳು ಊಟಕ್ಕೆದ್ರೆ ನಿಲ್ಲುತ್ತೆ. ಅವಳಿಗೆ ಜ್ವರ ಬಂದು ಮಲಗಿದ್ಲಲ್ಲ, ಅವತ್ತು ಪರದೆ ಮೇಲೆ ಆ ಲೆಕ್ಕದ ಗೆರೆ ನೆಲ ಕಚ್ಚಿತ್ತು.”

“ಅಂದ್ರೆ?”

“ಅಂದ್ರೆ ಏನು? ಅವಳ ಹಳೇ ಲ್ಯಾಬಿಗೆ ಕಳಿಸ್ತಿದಾಳೆ. ಮದುವೆಗೆ ಮುಂಚೆ ಕೆಲಸ ಮಾಡ್ತಿದ್ಲಲ್ಲ, ಆ ದೊಡ್ಡ ಲ್ಯಾಬು. ಆ ಯಜಮಾನ ಈಗಲೂ ಫೋನ್ ಮಾಡ್ತಾನೆ. ಫೋನಲ್ಲಿ ನಗ್ತಿರ್ತಾಳೆ, ನೀವೇ ಕೇಳಿಲ್ವಾ?”

“ನಗೋದೆಲ್ಲ ಕಳ್ಳತನ ಆದ್ರೆ ನಮ್ಮನೇಲಿ ನೀನೊಬ್ಬಳೇ ಸಾಚಾ” ಅಂದ ಗಂಡ. ಆಮೇಲೆ ಸ್ವಲ್ಪ ಮೆತ್ತಗೆ, “ಏನೇ, ಒಂದು ಸಲ ಅವಳನ್ನೇ ಕೇಳ್ಬಾರ್ದಾ? ಗೋಡೆ ಆಚೆ ಇದಾಳೆ.”

“ಕೇಳಿ ಅವಳನ್ನ ಹುಷಾರು ಮಾಡ್ಲಾ?”

ಅವಳು ಕೇಳಲಿಲ್ಲ. ಬದಲಿಗೆ ಆ ಗೆರೆಯನ್ನು ನೋಡುತ್ತ ಕೂತಳು. ಪರದೆಯ ಮೇಲೆ ಹೊರಗೆ ಹೋಗುವ ಡೇಟಾ ಒಂದು ಗೆರೆಯಾಗಿ ಏರಿಳಿಯುತ್ತಿತ್ತು. ಗೋಡೆಯಾಚೆ ಕಿರಿಯಾಕೆಯ ಕುರ್ಚಿ ಕಿರುಗುಟ್ಟಿದರೆ ಈಚೆ ಗೆರೆ ಏರುತ್ತಿತ್ತು. ಮೈಯೆಲ್ಲ ಕಣ್ಣಾಗಿ ನೋಡಿದಳು. ನೋಡುತ್ತ ನೋಡುತ್ತ ಅವಳಿಗೆ ಬೇಡದ ಇನ್ನೊಂದು ವಿಷಯವೂ ಗೊತ್ತಾಯಿತು. ಕಿರಿಯಾಕೆ ಎಷ್ಟು ಕೆಲಸ ಮಾಡುತ್ತಾಳೆ ಅನ್ನುವುದು. ಮನೆಯವರೆಲ್ಲ ಬೆಳಗಿನ ತಿಂಡಿಗೆ ಕೂರುವ ಮುಂಚೆಯೇ ಆ ಗೆರೆ ಏಳುತ್ತಿತ್ತು. ಇವಳು ನಗುತ್ತ ಕಾಲ ಕಳೆಯುತ್ತಾಳೆ ಅಂದುಕೊಂಡಿದ್ದ ಹೊತ್ತಿನಲ್ಲೆಲ್ಲ ಗೆರೆ ಮೇಲೆಯೇ ಇರುತ್ತಿತ್ತು. ನಗುತ್ತಲೇ ಇಷ್ಟು ಕೆಲಸ ಮಾಡುತ್ತಾಳಾ? ಹಿರಿಯಾಕೆಗೆ ಆ ಹೊತ್ತು ಕಳ್ಳತನಕ್ಕಿಂತ ಇದೇ ಹೆಚ್ಚು ಚುಚ್ಚಿತು. ಕಳ್ಳತನ ಆಗಿದ್ದರೇ ವಾಸಿ ಅಂತ ಮನಸ್ಸಿನಲ್ಲೇ ಹರಕೆ ಹೊತ್ತಳು.

ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಕೆಳಗಿಳಿದ ಮೇಲೆ ಅವಳೇ ಮಾವನ ಕುರ್ಚಿಯ ಮುಂದೆ ನಿಂತಳು. ಗಂಡ ಬಾಗಿಲ ಚೌಕಟ್ಟಿಗೆ ಒರಗಿದ್ದ. ಕಿರಿಯಾಕೆ ಕೈ ಒರೆಸುತ್ತ ಬಂದಳು. ಅವಳ ಮುಂಗೂದಲಲ್ಲಿ ಬಿಳಿ ಪುಡಿ ಕೂತಿತ್ತು, ಅದೂ ಅವಳಿಗೆ ಒಪ್ಪುತ್ತಿತ್ತು.

“ಸಿಕ್ತು ಮಾವ” ಅಂದಳು ಹಿರಿಯಾಕೆ. “ನಮ್ಮ ಸ್ಕ್ಯಾನುಗಳು ಪೂರ್ತಿ ಪೂರ್ತಿಯಾಗಿ ಹೊರಗೆ ಹೋಗ್ತಿವೆ. ಹೊರಗೆ ಹೋದ ಪ್ರತಿಯೊಂದಕ್ಕೂ ನಾವು ಕಾಸು ಕೊಡ್ತಿದೀವಿ. ಎಲ್ಲಾ ಒಂದೇ ಕಡೆ ಹೋಗ್ತಿರೋದು. ಅದು ಯಾರ ವಿಳಾಸ ಅಂತ ಇವಳು ಹೇಳ್ಲಿ.”

ಲ್ಯಾಪ್‌ಟಾಪನ್ನು ಕಿರಿಯಾಕೆಯ ಕಡೆ ತಿರುಗಿಸಿದಳು. ಈಗ ಆ ಮುಖ ಸಪ್ಪಗಾಗುತ್ತದೆ, ಈಗ ಮಾವ ಪುಟ್ಟಾ ಅನ್ನುವುದನ್ನು ಮರೆಯುತ್ತಾನೆ.

ಕಿರಿಯಾಕೆ ಬಗ್ಗಿ ನೋಡಿದಳು. ಹುಬ್ಬು ಗಂಟಿಕ್ಕಿದಳು. ಆಮೇಲೆ ತಲೆ ಎತ್ತಿ, “ಅಕ್ಕ, ಇದು ನಂದೇ” ಅಂದಳು.

“ಒಪ್ಕೊಂಡ್ಲು ನೋಡಿ.”

“ಅಲ್ಲ ಅಕ್ಕ. ನನ್ನ ಡಿಸೈನ್ ಮಿಷನ್ನಿದೆಯಲ್ಲ, ಅದರ ವಿಳಾಸ ಇದು. ನೋಡಿ.” ತನ್ನ ಫೋನು ತೆಗೆದು ಪಕ್ಕದಲ್ಲಿಟ್ಟಳು. ಅದೇ ಅಂಕಿಗಳು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಹಿರಿಯಾಕೆ ಎರಡನ್ನೂ ನೋಡಿದಳು. ಕಿರಿಯಾಕೆಯ ಮಿಷನ್ನಿಗೆ ಹೊರಗಿನಿಂದ ಯಾವ ವಿಳಾಸ ಅಂತ ಅವಳು ಯಾವತ್ತೂ ಕೇಳಿದವಳೇ ಅಲ್ಲ. ಒಂದೇ ಶೆಡ್ಡು, ಒಂದೇ ಬಿಲ್ಲು, ಮನೆಯೊಳಗಿನದು ಮನೆಯೊಳಗೇ ಇರುತ್ತದೆ ಅಂದುಕೊಂಡು ಬಿಟ್ಟಿದ್ದಳು.

“ನನಗೆ ಒಂದೂ ತಿಳೀಲಿಲ್ಲ” ಅಂದ ಮಾವ. “ನಮ್ಮದೇ ಉಗ್ರಾಣದಿಂದ ನಮ್ಮದೇ ಮಿಷನ್ನಿಗೆ ಹೋದ್ರೆ ಅದು ಹೊರಗೆ ಹೆಂಗಾಗುತ್ತೆ? ನೋಡಮ್ಮ, ನೀನು ತಾನೇ ಕಲ್ತಿರೋದು. ನೀನೇ ಹೇಳು.”

ಹೇಳದೆ ವಿಧಿಯಿರಲಿಲ್ಲ. ಆ ಕೋಣೆಯಲ್ಲಿ ಬಿಲ್ಲು ಓದಲು ಬರುತ್ತಿದ್ದದ್ದು ಅವಳೊಬ್ಬಳಿಗೇ. ಅವಳು ಸುತ್ತ ನೋಡಿದಳು. ಕಣ್ಣಿಗೆ ಬಿದ್ದದ್ದು ಬೀರು.

“ಮಾವ, ಆ ಅಚ್ಚಿನ ತಟ್ಟೆ ಇದೆಯಲ್ಲ” ಅಂದಳು. “ಅದು ಈ ಕೋಣೆಯಿಂದ ಆ ಕೋಣೆಗೆ ಹೋಗ್ಬೇಕಾದ್ರೆ ಎಲ್ಲಿಂದ ಹೋಗುತ್ತೆ?”

“ಬೀದಿ ಮೇಲಿಂದ.”

“ಬೀದಿ ಬಾಗ್ಲಲ್ಲಿ ಒಬ್ಬ ತಕ್ಕಡಿ ಹಿಡ್ಕೊಂಡು ಕೂತಿದಾನೆ ಅಂದ್ಕೊಳ್ಳಿ. ಹೊರಗೆ ಹೋಗೋ ಪ್ರತಿ ತಟ್ಟೆನೂ ತೂಗ್ತಾನೆ, ಕಾಸು ತಗೋತಾನೆ. ತಟ್ಟೆ ಪಕ್ಕದ ಬಾಗ್ಲಿಗೇ ಹೋಗೋದು, ನಮ್ಮದೇ ಕೋಣೆಗೆ. ಆದ್ರೆ ಅವನಿಗೆ ಅದೆಲ್ಲ ಬೇಕಿಲ್ಲ. ಬೀದಿಗಿಳೀತಾ, ಹಾಗಾದ್ರೆ ಕಾಸು. ಆ ಕೋಣೆಯಿಂದ ಹಲ್ಲು ಬರ್ದು ವಾಪಸ್ ಕಳಿಸಿದ್ರೆ, ಆ ಬಾಗ್ಲಲ್ಲಿ ಇನ್ನೊಬ್ಬ ಕೂತಿರ್ತಾನೆ. ಅವನೂ ತೂಗ್ತಾನೆ.”

“ಹೋಗೋವಾಗ ಒಂದು, ಬರೋವಾಗ ಒಂದು.”

“ಹೂಂ. ಒಳಗಿಂದ ಒಳಗೇ ದಾಟಿಸಿದ್ರೆ ಈ ಕಾಸಿಲ್ಲ.”

ಮುದುಕ ಬೀರುವನ್ನು ನೋಡಿದ. ಬೀರುವಿನ ಹಿಂದಿದ್ದ ಕಿಂಡಿ ಅವನೇ ಒಡೆದದ್ದು. ಅರ್ಥವಾಗಲು ಹೊತ್ತು ಹಿಡಿಯಲಿಲ್ಲ.

“ಕಂಪ್ಯೂಟರಿನಲ್ಲೂ ಕಿಂಡಿ ಇರುತ್ತೋ?”

“ಇರುತ್ತೆ. ಮಾಡ್ಕೋಬೇಕು. ಉಗ್ರಾಣದವರು ಈ ಕಡೆಯಿಂದ ಬಿಡ್ಬೇಕು, ಅವರು ಆ ಕಡೆಯಿಂದ ತಗೋಬೇಕು.”

“ಮತ್ಯಾಕೆ ಮಾಡ್ಕೊಂಡಿಲ್ಲ?”

ಹೊರಗೆ ಯಾವುದೋ ಗಾಡಿ ರಿವರ್ಸ್ ಹಾಕುತ್ತ ಕುಯ್‌ಗುಡುತ್ತಿತ್ತು. ಹಿರಿಯಾಕೆಯ ಗಂಡ ಚೌಕಟ್ಟಿನಿಂದ ಬೆನ್ನು ಎತ್ತಿ ನೇರ ನಿಂತ. ಆ ದಿನ ಕಿರಿಯಾಕೆ ಬಂದು ಕೇಳಿದ್ದು, ತಾನು ತಲೆಯೆತ್ತದೆ ಉತ್ತರ ಕೊಟ್ಟದ್ದು, ‘ಡಾಕ್ಟ್ರುಗಳು ಬರಲ್ವಾ, ಹಾಗೇ ಬಾ’ ಅಂದದ್ದು, ಎಲ್ಲ ಹಿರಿಯಾಕೆಯ ಕಣ್ಣ ಮುಂದೆ ಬಂತು. ಇನ್ನೇನು ಇವಳು ಬಾಯಿ ಬಿಡುತ್ತಾಳೆ. ಬಿಟ್ಟರೆ ಕುರ್ಚಿ ಹೋಯಿತು.

ಕಿರಿಯಾಕೆ ಒಂದು ಸಲ ಅವಳ ಕಡೆ ನೋಡಿ, ಮಾವನ ಕಡೆ ತಿರುಗಿದಳು.

“ನಾನೇ ಕೇಳ್ಲಿಲ್ಲ ಮಾವ. ಕೇಳಿದ್ರೆ ಅಕ್ಕ ಕೊಟ್ಟಿರೋರು. ಹೊಸದಾಗಿ ಬಂದಾಗ ಗೊತ್ತಾಗ್ಲಿಲ್ಲ, ಆಮೇಲೆ ಮರ್ತೆ. ನನ್ನದೇ ತಪ್ಪು.”

“ಹೋಗ್ಲಿ ಬಿಡು ಪುಟ್ಟಾ” ಅಂದ ಮಾವ. ದನಿ ಬೆಣ್ಣೆಯಾಗಿತ್ತು. “ತಪ್ಪನ್ನ ಹೀಗೆ ನೇರವಾಗಿ ಒಪ್ಕೊಳ್ಳೋರು ಎಷ್ಟು ಜನ ಸಿಗ್ತಾರೆ?”

ನೋಡಿ, ಇಲ್ಲಿ ಹಿರಿಯಾಕೆ ಸುಮ್ಮನಿದ್ದುಬಿಟ್ಟಿದ್ದರೆ ಕೆಲಸ ಮುಗಿದಿತ್ತು. ಕಂಡುಹಿಡಿದವಳು ಅವಳು, ಅರ್ಥ ಮಾಡಿಸಿದವಳು ಅವಳು, ತಪ್ಪು ಇನ್ನೊಬ್ಬಳ ಹೆಸರಿಗೆ ಬರೆದಾಗಿತ್ತು. ಕುರ್ಚಿ ತಾನಾಗಿ ಬಂದು ಕಾಲಿಗೆ ತಾಗುತ್ತಿತ್ತು. ಬೇರೆ ಯಾರೇ ಆಗಿದ್ದರೂ ತುಟಿ ಹೊಲಿದುಕೊಂಡಿರುತ್ತಿದ್ದರು. ಆದರೆ ಹೊಟ್ಟೆಕಿಚ್ಚಿಗೆ ಲಾಭ ನಷ್ಟ ಗೊತ್ತಾಗುವುದಿಲ್ಲ. ಅವಳಿಗೆ ಕೇಳಿಸಿದ್ದು ಆ ‘ಪುಟ್ಟಾ’ ಒಂದೇ. ತಪ್ಪು ತನ್ನದು, ಹೊಗಳಿಕೆ ಅವಳಿಗಾ? ಕ್ಷಮೆಯನ್ನೂ ಇವಳೇ ಹೊಡಕೊಂಡು ಹೋಗುವುದಾ?

“ಸುಳ್ಳು” ಅಂದಳು.

ಎಲ್ಲರೂ ತಿರುಗಿದರು.

“ಸುಳ್ಳು ಹೇಳ್ತಿದಾಳೆ ಮಾವ. ಅವಳು ಕೇಳಿದ್ಲು. ಬಂದ ಮೊದಲನೇ ದಿನಾನೇ ಕೇಳಿದ್ಲು. ನಾನೇ ಕೊಡ್ಲಿಲ್ಲ. ಡಾಕ್ಟ್ರುಗಳ ಹಾಗೆ ಬೀದಿ ಬಾಗ್ಲಿಂದ ಬಾ ಅಂತ ನಾನೇ ಅಂದೆ. ಆ ಬೀರೂನೂ ನಾನೇ ಇಡ್ಸಿದ್ದು. ಈ ತಪ್ಪು ನಂದು. ಅವಳದಲ್ಲ.”

ಕೊನೆಯ ಮಾತನ್ನು ಅವಳು ಆಸ್ತಿ ಬಿಡಿಸಿಕೊಳ್ಳುವವಳ ಹಾಗೆ ಅಂದಳು.

ಗಂಡ ಮುಖ ಆಚೆ ತಿರುಗಿಸಿದ. ಅವನ ಭುಜ ಅಲುಗುತ್ತಿತ್ತು, ಅಳುವಂತೂ ಅಲ್ಲ. ಮಾವ ಬಹಳ ಹೊತ್ತು ಹಿರಿಯಾಕೆಯ ಮುಖ ನೋಡಿದ. ಅವಳ ಮುಖವನ್ನು ಅವನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಒಂದು ಹಲ್ಲನ್ನು ಬೆಳಕಿಗೆ ಹಿಡಿದು ನೋಡುವ ಹಾಗೆಯೇ ನೋಡಿದ. ಆದರೆ ನಗುತ್ತಿದೆ ಅಂತೇನೂ ಅನ್ನಲಿಲ್ಲ.

“ಮೊದ್ಲು ಬೀರು ಸರಿಸಿ” ಅಂದ. “ಆಮೇಲೆ ಇಬ್ಬರೂ ಒಂದು ಮೇಜಿಗೆ ಕೂತು ಆ ಕಂಪ್ಯೂಟರಿನ ಕಿಂಡಿ ತೆಗೀರಿ. ಕುರ್ಚಿ ಮಾತು ಮುಂದಿನ ಬಿಲ್ಲು ಬಂದ್ಮೇಲೆ.”

ಬೀರು ಸರಿಸಲು ಗಂಡನ ಜೊತೆ ಓರಗಿತ್ತಿಯರಿಬ್ಬರೂ ಕೈ ಹಾಕಬೇಕಾಯಿತು. ಅದರ ಹಿಂದೆ ಜೇಡರ ಬಲೆ, ಒಂದು ಒಡೆದ ದವಡೆಯ ಅಚ್ಚು, ಆಚೆ ಕಡೆ ಕಿರಿಯಾಕೆಯ ಕಿಟಕಿಯ ಬೆಳಕು. ಆಮೇಲೆ ಒಂದೇ ಮೇಜಿಗೆ ಕೂತರು. ಹಿರಿಯಾಕೆ ತನ್ನ ಕಡೆಯಿಂದ ದಾರಿ ಬಿಟ್ಟಳು. ಕಿರಿಯಾಕೆ ತನ್ನ ಮಿಷನ್ನಿನಲ್ಲಿ ಬೀದಿಯ ವಿಳಾಸ ಅಳಿಸಿ ಒಳಗಿನ ವಿಳಾಸ ಹಾಕಿದಳು. ಒಂದು ಸ್ಕ್ಯಾನು ತರಿಸಿ ನೋಡಿದಳು. ಮುದುಕಿಯೊಬ್ಬಳ ಕೆಳದವಡೆ, ಅರ್ಧಕ್ಕರ್ಧ ಬೋಳು, ಪರದೆಯ ಮೇಲೆ ಬಂದು ಕೂತಿತು.

“ಬಂತು ಅಕ್ಕ. ಬೇಗಾನೂ ಬಂತು.”

“ಮತ್ಯಾಕೆ ಎರಡನೇ ಸಲ ಕೇಳ್ಲಿಲ್ಲ ನೀನು?” ಅಂದಳು ಹಿರಿಯಾಕೆ. ಪರದೆ ಬಿಟ್ಟು ಕಣ್ಣು ಎತ್ತಲಿಲ್ಲ.

ಕಿರಿಯಾಕೆ ಆ ಬೋಳು ದವಡೆಯನ್ನು ತಿರುಗಿಸುತ್ತ ಕೂತಳು. “ಹೊಟ್ಟೆ ಉರೀತಿತ್ತು ಅಕ್ಕ.”

“ನಿಂಗಾ?”

“ಉಗ್ರಾಣ ಪೂರ್ತಿ ನಿಮ್ಮ ಕೈಲಿ. ಏನೇ ಆದ್ರೂ ‘ಅವಳನ್ನ ಕೇಳು’ ಅಂತಾರೆ ಮಾವ. ನಿಮಗೆ ‘ನೋಡಮ್ಮ’ ಅಂದು ಮನೆ ವಿಷಯ ಎಲ್ಲಾ ಹೇಳ್ತಾರೆ. ನನಗೆ ಪುಟ್ಟಾ ಪುಟ್ಟಾ ಅಂತಾರೆ, ಬೆಕ್ಕಿನ ಮರಿ ಕರ್ದ ಹಾಗೆ. ನಿಮ್ಮ ಮುಂದೆ ಇನ್ನೊಂದು ಸಲ ಕೈ ಚಾಚೋದಾ ಅಂತ ಬಿಟ್ಟೆ.”

ಹಿರಿಯಾಕೆಗೆ ಇದು ಒಳಗೆಲ್ಲೋ ತಣ್ಣಗೆ ಮುಟ್ಟಿತು. ಹಾಗೆ ಮುಟ್ಟಿದ್ದನ್ನು ತೋರಿಸಿಕೊಳ್ಳಲಿಲ್ಲ. “ಆ ಒರಟು ಕೈಯಲ್ಲಿ ದವಡೆ ಹಂಗೆ ತಿರುಗಿಸ್ಬೇಡ, ತಲೆ ಸುತ್ತುತ್ತೆ” ಅಂದಳು.

ಮುಂದಿನ ಬಿಲ್ಲು ಬಂತು. ಒಸಡಿನ ಊತ ಇಳಿದಿತ್ತು. ಮಾವ ಅದನ್ನು ಮೂಗಿನ ಹತ್ತಿರ ಹಿಡಿದು, ಓದಿದವನ ಹಾಗೆ ತಲೆಯಾಡಿಸಿ, ಮಡಿಚಿ ಜೇಬಿಗಿಟ್ಟ. ಕುರ್ಚಿಯಿಂದೆದ್ದ. ಬೀಗದ ಕೈ ಗೊಂಚಲನ್ನು ಅದರ ಮೇಲಿಟ್ಟ.

“ಹುಡುಕಿ, ನನಗರ್ಥ ಆಗೋ ಹಾಗೆ ಹೇಳಿದೋರಿಗೆ ಅಂದಿದ್ದೆ. ಹೇಳಿದ್ದು ನೀನು. ತಪ್ಪು ಯಾರದ್ದಾದ್ರೇನು, ಆಡಿದ ಮಾತು ಆಡಿದ ಮಾತೇ. ಕೂತ್ಕೋಮ್ಮ.”

ಕಿರಿಯಾಕೆ ಚಪ್ಪಾಳೆ ತಟ್ಟಿದಳು. ನಿಜವಾದ ಸಂತೋಷದಿಂದಲೇ ತಟ್ಟಿದಳು ಅಂತ ಹಿರಿಯಾಕೆಗೆ ಗೊತ್ತಾಯಿತು, ಗೊತ್ತಾದದ್ದಕ್ಕೇ ಒಂಚೂರು ಸಿಟ್ಟೂ ಬಂತು.

ಅವಳು ಕೂತಳು. ಕುರ್ಚಿ ಇನ್ನೂ ಬೆಚ್ಚಗಿತ್ತು. ಕೈಯಿಡುವ ಕಡೆ ಸವೆದ ಮರ ಅಂಗೈಗೆ ಸರಿಯಾಗಿ ಕೂತಿತು. ಇಷ್ಟು ವರ್ಷ ಕಾದದ್ದು ಇದಕ್ಕೇ. ಒಂದು ಉದ್ದನೆಯ ಉಸಿರು ಬಿಟ್ಟು, ಡಾಕ್ಟರುಗಳ ಫೋನಿಗೆ ಉತ್ತರ ಕೊಟ್ಟಳು, ಎರಡು ಡಬ್ಬಿಗೆ ಹೆಸರು ಹಚ್ಚಿಸಿದಳು. ಆಮೇಲೆ ಉಗ್ರಾಣದ ಗೆರೆ ನೋಡೋಣ ಅಂತ ಪರದೆ ತೆರೆದಳು. ಹೊರಗೆ ಹೋಗುವ ಗೆರೆ ನೆಲ ಕಚ್ಚಿ ಮಲಗಿತ್ತು. ಗೋಡೆಯಾಚೆ ಕಿರಿಯಾಕೆ ಕೂತಿದ್ದಾಳೋ ಎದ್ದಿದ್ದಾಳೋ, ಎಷ್ಟು ಸ್ಕ್ಯಾನು ತರಿಸಿದಳು, ಆ ಗೆರೆಯಲ್ಲಿ ಈಗ ಏನೂ ಕಾಣುವಂತಿರಲಿಲ್ಲ. ಒಳಗಿಂದ ಒಳಗೆ ಹೋಗುವುದನ್ನು ತೂಗಲು ಅಲ್ಲಿ ಯಾರೂ ಕೂತಿರಲಿಲ್ಲ.

ಆಗ ಅವಳಿಗೆ ಮಾವ ಎಲ್ಲಿ ಅಂತ ಹೊಳೆಯಿತು. ಮೇಲೆ ಹೋಗಿ ಮಲಗಿರಬೇಕು ಅಂದುಕೊಂಡು ತಲೆ ಎತ್ತಿದಳು. ಕುರ್ಚಿಯಲ್ಲಿ ಕೂತು ತಲೆ ಎತ್ತಿದರೆ ನೇರ ಎದುರಿಗೆ ಕಿಂಡಿ. ಕಿಂಡಿಯ ಆಚೆ ಕಿಟಕಿಯ ಬೆಳಕು. ಆ ಬೆಳಕಿನಲ್ಲಿ ಎರಡು ತಲೆಗಳು, ಒಂದು ನರೆತದ್ದು, ಒಂದು ಪುಡಿ ಮೆತ್ತಿದ್ದು. ಮುದುಕ ಒಂದು ಸ್ಟೂಲು ಎಳೆದುಕೊಂಡು ಕಿರಿಯಾಕೆಯ ಮೇಜಿನ ಪಕ್ಕ ಕೂತಿದ್ದ. ಬೆರಳಲ್ಲಿ ಒಂದು ಹಲ್ಲು ಹಿಡಿದಿದ್ದ.

“ಮಾವ” ಅಂತ ಕರೆದಳು ಹಿರಿಯಾಕೆ. “ಇಲ್ಲೇ ಕೂತ್ಕೋಬಹುದಲ್ವಾ, ಇನ್ನೊಂದು ಕುರ್ಚಿ ಹಾಕಿಸ್ತೀನಿ.”

“ಇರ್ಲಿ ಬಿಡಮ್ಮ” ಅಂದ ಮುದುಕ, ತಿರುಗದೆ. “ನನಗೀಗ ಬೇರೆ ಕೆಲಸ ಏನಿದೆ? ಇಲ್ಲಿ ಬೆಳಕು ಚೆನ್ನಾಗಿದೆ.”

ಕಿರಿಯಾಕೆ ಏನೋ ಅಂದಳು. ಮುದುಕ ನಕ್ಕ, ಅವಳೂ ನಕ್ಕಳು. ಆ ನಗು ಬೀದಿಗೀದಿ ಸುತ್ತದೆ, ಕಿಂಡಿಯಿಂದ ನೇರ ಒಳಗೆ ಬಂತು. ಒಳಗೆ ಬರುವುದಕ್ಕೆ ಕಾಸಿಲ್ಲವಲ್ಲ. ಹಿರಿಯಾಕೆ ಎದ್ದು ಹೋಗಿ, ಕಿಂಡಿಯ ಪಕ್ಕಕ್ಕೆ ಸರಿಸಿಟ್ಟಿದ್ದ ಬೀರುವಿಗೆ ಕೈ ಹಚ್ಚಿ ನಿಂತಳು. ಅದು ಒಬ್ಬಳ ಕೈಲಿ ಅಲುಗುವಂಥದ್ದಾಗಿರಲಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಅದರ ಮೇಲಿನ ಧೂಳು ಒರೆಸಿ, ವಾಪಸು ಬಂದು ತನ್ನ ಕುರ್ಚಿಯಲ್ಲಿ ಕೂತಳು.